ಬ್ಯಾನಿಶ್ಡ್: ಅವಸರ ಮಾಡಿದರೆ ಊರೇ ಬರಿದಾಗುವ ಆಟ

ಬ್ಯಾನಿಶ್ಡ್ ಎಂಬ ಊರು ಕಟ್ಟುವ ಕಂಪ್ಯೂಟರ್ ಆಟದಲ್ಲಿ ಶತ್ರುಗಳಿಲ್ಲ. ದಂಡು, ಕತ್ತಿ, ಕೋಟೆ ಯಾವುದೂ ಇಲ್ಲ. ಹಣ ಎಂಬುದೂ ಇಲ್ಲ. ಹಾಗಿದ್ದರೂ ಹೊಸದಾಗಿ ಆಡುವವರ ಊರು ಕೆಲವೇ ವರ್ಷಗಳಲ್ಲಿ ಹಾಳು ಬೀಳುತ್ತದೆ. ಹಾಳು ಬಿದ್ದದ್ದು ಯಾಕೆ ಎಂದು ಆಟ ಹೇಳುವುದಿಲ್ಲ. "ಹಸಿವಿನಿಂದ ಸತ್ತರು" ಎಂಬ ಸಾಲು ಒಂದರ ಹಿಂದೆ ಒಂದು ಬರುತ್ತದೆ, ಅಷ್ಟೇ. ಕಾಸರಗೋಡಿನ ಕಡೆ ಈ ಆಟ ಹಿಡಿದವರನ್ನು ಕೇಳಿದರೆ ಎರಡೇ ಬಗೆಯ ಉತ್ತರ ಸಿಗುತ್ತದೆ: ಒಂದೇ ವಾರದಲ್ಲಿ ಬಿಟ್ಟವರದ್ದು, ವರ್ಷಗಟ್ಟಲೆ ಬಿಡದವರದ್ದು. ಬಿಟ್ಟವರಲ್ಲಿ ಹೆಚ್ಚಿನವರು ಮೊದಲ ಊರು ಸತ್ತಾಗಲೇ ಬಿಟ್ಟವರು. ಸತ್ತ ಕಾರಣ ಗೊತ್ತಾಗಿದ್ದರೆ ಅವರಲ್ಲಿ ಅರ್ಧ ಜನವಾದರೂ ಉಳಿಯುತ್ತಿದ್ದರು. ಆದ್ದರಿಂದ ಇಲ್ಲಿ ಚಿತ್ರ ಚೆಂದವೋ ಸಂಗೀತ ಇಂಪೋ ಎಂಬುದಕ್ಕಿಂತ ಊರು ಸಾಯುವ ಬಗೆಯನ್ನೇ ಹೆಚ್ಚು ಬರೆಯಬೇಕಾಗಿದೆ. (ಚಿತ್ರ ಚೆಂದವೇ, ಸಂಗೀತವೂ ಹಿತವೇ. ಸ್ವಲ್ಪ ಹೊತ್ತಾದ ಮೇಲೆ ಸಂಗೀತವನ್ನು ಬಂದ್ ಮಾಡಿ ಯಕ್ಷಗಾನದ ಪದ ಹಾಕಿಕೊಳ್ಳುವವರೂ ಇದ್ದಾರೆ. ಆಟಕ್ಕೆ ಅದರಿಂದ ಯಾವ ನಷ್ಟವೂ ಇಲ್ಲ.)

ಆಟ ಹೊರಬಂದದ್ದು 2014ರ ಫೆಬ್ರವರಿ 18ರಂದು. ಶೈನಿಂಗ್ ರಾಕ್ ಸಾಫ್ಟ್‌ವೇರ್ ಎಂಬ ಹೆಸರಿನಡಿ ಲ್ಯೂಕ್ ಹೊಡೊರೊವಿಕ್ಸ್ ಎಂಬ ಒಬ್ಬನೇ ಬಹುಮಟ್ಟಿಗೆ ಪೂರ್ತಿ ಕಟ್ಟಿದ್ದು. ಎಲ್ಲಿಂದಲೋ ಗಡೀಪಾರಾದ ಕೆಲವು ಕುಟುಂಬಗಳು ಕಾಡಿನ ನಡುವೆ ಬಂದು ನಿಲ್ಲುತ್ತವೆ. ಅವರಿಗೆ ಮನೆ, ಊಟ, ಬೆಂಕಿ, ಬಟ್ಟೆ, ಹತ್ಯಾರು ಒದಗಿಸುವುದು ನಿಮ್ಮ ಕೆಲಸ. ಗೆಲುವು ಎಂಬ ಗೆರೆ ಇಲ್ಲ. ಎಲ್ಲ ಕಟ್ಟಡಗಳೂ ಮೊದಲ ದಿನದಿಂದಲೇ ಪಟ್ಟಿಯಲ್ಲಿ ಇರುತ್ತವೆ, ಯಾವುದನ್ನೂ ಸಂಶೋಧನೆ ಮಾಡಿ ತೆರೆಯಬೇಕಿಲ್ಲ. ಇದು ಒಳ್ಳೆಯದು ಎಂದು ಕಾಣುತ್ತದೆ. ಆದರೆ ಯಾವುದನ್ನು ಯಾವಾಗ ಕಟ್ಟಬಾರದು ಎಂದು ಹೇಳುವವರು ಇಲ್ಲ ಎಂಬುದು ಇದರ ಇನ್ನೊಂದು ಮಗ್ಗುಲು.

ಯಂತ್ರದ ವಿಷಯ ಬೇಗ ಮುಗಿಸಬಹುದು. 2 ಗಿಗಾಹರ್ಟ್ಸ್‌ನ ಡ್ಯುಯಲ್ ಕೋರ್, ಹೆಸರಿಗೊಂದು ಗ್ರಾಫಿಕ್ಸ್, ಸುಮಾರು 250 ಎಂಬಿ ಜಾಗ ಇದ್ದರೆ ಸಾಕು. ಆಫೀಸಿನಿಂದ ಬಂದ ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಪೆರ್ಲ, ಬಾಯಾರು, ಬದಿಯಡ್ಕದ ಒಳಗಿನ ಗುಡ್ಡೆಗಳಲ್ಲಿ ಮೊಬೈಲಿನ ಹಾಟ್‌ಸ್ಪಾಟ್ ಹಾಕಿ ಇಳಿಸಿಕೊಳ್ಳುವವರಿಗೆ ಈ ಗಾತ್ರವೇ ಒಂದು ವರ. ಆಟ ಮಾರುವ ಜಾಲತಾಣಗಳಾದ ಸ್ಟೀಮ್‌ನಲ್ಲೂ ಜಿಒಜಿಯಲ್ಲೂ ಸಿಗುತ್ತದೆ. ನೆಟ್ ಸರಿಯಿಲ್ಲದ ಕಡೆ ಜಿಒಜಿಯದ್ದೇ ವಾಸಿ: ಒಮ್ಮೆ ಇಳಿಸಿಟ್ಟರೆ ಮತ್ತೆ ಲಾಗಿನ್ ಕೇಳುವುದಿಲ್ಲ, ಪೆನ್‌ಡ್ರೈವಿನಲ್ಲಿ ಫೈಲ್ ಇಟ್ಟುಕೊಳ್ಳಬಹುದು. ವಿಂಡೋಸ್‌ಗೆ ಮಾತ್ರ ಮಾಡಿದ ಆಟ. ಕೇರಳದ ಶಾಲೆಗಳಲ್ಲಿರುವಂತೆ ಉಬುಂಟು ಹಾಕಿದ ಲ್ಯಾಪ್‌ಟಾಪ್ ಮನೆಯಲ್ಲಿದ್ದರೆ ಸ್ಟೀಮ್‌ನಲ್ಲಿ, ವಿಂಡೋಸ್ ಆಟಗಳನ್ನು ಓಡಿಸುವ ಪ್ರೋಟಾನ್ ಆನ್ ಮಾಡಿ ಆಡಬೇಕು. ಕನ್ನಡ, ಮಲಯಾಳ ಎರಡೂ ಇಲ್ಲ. ಇಂಗ್ಲಿಷ್ ಇದೆ, ಆದರೆ ಓದಬೇಕಾದ್ದು ವಸ್ತುಗಳ ಹೆಸರು ಮತ್ತು ಅಂಕಿಗಳು ಮಾತ್ರ. ಹೈಸ್ಕೂಲು ಮಕ್ಕಳಿಗೆ ಕಷ್ಟವಾಗದು.

ಇನ್ನೊಂದು, ಈ ಜಿಲ್ಲೆಯವರಿಗೇ ಹೇಳಬೇಕಾದ್ದು: ಅಕ್ಟೋಬರ್ ನವೆಂಬರಿನ ಸಂಜೆ ಗುಡುಗು ಶುರುವಾದರೆ ಎಲ್ಲರೂ ಮೊದಲು ಪ್ಲಗ್ ಕೀಳುತ್ತಾರೆ. ಡೆಸ್ಕ್‌ಟಾಪಿನಲ್ಲಿ ಆಡುವವರು ಆಯ್ಕೆಗಳಿಗೆ ಹೋಗಿ ಆಟೋಸೇವಿನ (ಆಟ ತಾನಾಗಿ ಸೇವ್ ಆಗುವುದರ) ಅವಧಿಯನ್ನು ಕಡಿಮೆ ಮಾಡಿಕೊಳ್ಳಿ. ಅದರ ಮೇಲೆ ಪ್ರತಿ ಚಳಿಗಾಲದ ಮೊದಲು ಬೇರೆ ಹೆಸರಿನಲ್ಲಿ ಒಂದು ಸೇವ್ ಮಾಡಿ. ಒಂದೇ ಹೆಸರಿನ ಮೇಲೆ ಮತ್ತೆ ಮತ್ತೆ ಸೇವ್ ಮಾಡುವವರಿಗೆ ಹಾಳಾಗುತ್ತಿರುವ ಊರೊಂದೇ ಉಳಿಯುತ್ತದೆ. ಈ ಆಟದಲ್ಲಿ ತಪ್ಪು ನಡೆದದ್ದು ಒಂದು ವರ್ಷ, ಅದು ಕಣ್ಣಿಗೆ ಬೀಳುವುದು ನಾಲ್ಕು ವರ್ಷದ ಮೇಲೆ.

ಹೊಸ ಆಟ ಶುರು ಮಾಡುವಾಗ ಕೇಳುವ ಪ್ರಶ್ನೆಗಳಲ್ಲಿ ನಾಲ್ಕು ಮುಖ್ಯ. ಆರಂಭದ ಕಷ್ಟ ಎಷ್ಟು ಎಂಬುದು ಒಂದು: ಸುಲಭದಲ್ಲಿ 6 ಕುಟುಂಬ, ಕಟ್ಟಿದ ಮನೆ, ಉಗ್ರಾಣ, ಬೀಜ, ಜಾನುವಾರು ಎಲ್ಲ ಕೊಡುತ್ತದೆ; ಮಧ್ಯಮದಲ್ಲಿ 5 ಕುಟುಂಬ; ಕಷ್ಟದಲ್ಲಿ 4 ಕುಟುಂಬ ಮತ್ತು ಸಾಮಾನು ತುಂಬಿದ ಒಂದು ಗಾಡಿ, ಬೀಜವೇ ಇಲ್ಲ. ಮಧ್ಯಮವನ್ನೇ ಆರಿಸಿಕೊಳ್ಳಿ. ಸುಲಭದ್ದರಲ್ಲಿ ಮೊದಲ ವರ್ಷದ ಪಾಠ ತಪ್ಪಿಹೋಗುತ್ತದೆ, ಆ ಪಾಠ ಕಲಿಯದೆ ಮುಂದೆ ಹೋದವರ ಊರು ಆರನೇ ವರ್ಷದಲ್ಲಿ ಬೀಳುತ್ತದೆ. ನೆಲ ಕಣಿವೆಯದ್ದಿರಲಿ, ಬೆಟ್ಟದ್ದು ಬೇಡ. ಬೆಟ್ಟದಲ್ಲಿ ಸಪಾಟು ಜಾಗ ಸಿಗುವುದೇ ಕಷ್ಟ. ಹವೆ ಫೇರ್ ಅಥವಾ ಮೈಲ್ಡ್, ಅಂದರೆ ಕಡು ಚಳಿಯಿಲ್ಲದ್ದು. ವಿಪತ್ತುಗಳನ್ನು ಮೊದಲ ಊರಿಗೆ ಆಫ್ ಮಾಡಿ. ಸುಂಟರಗಾಳಿ ಬಂದು ಊರು ಗುಡಿಸಿಕೊಂಡು ಹೋದರೆ ಕಲಿಯುವುದಕ್ಕೆ ಏನೂ ಇರುವುದಿಲ್ಲ.

ಮೊದಲ ವರ್ಷದ ಕ್ರಮವನ್ನು ಅನುಭವಿಗಳು ಹೆಚ್ಚುಕಡಿಮೆ ಒಂದೇ ರೀತಿ ಹೇಳುತ್ತಾರೆ. ಆಟ ತೆರೆದ ಕೂಡಲೇ ನಿಲ್ಲಿಸಿ, ಅಂದರೆ ಪಾಜ್ ಒತ್ತಿ. ಬಂದು ಇಳಿದ ಜಾಗದ ಸುತ್ತ ಮರ, ಕಲ್ಲು, ಕಬ್ಬಿಣ ಎತ್ತಲು ಗುರುತು ಹಾಕಿ. ಆದರೆ ದಟ್ಟ ಕಾಡಿನ ಒಂದು ಭಾಗವನ್ನು ಮುಟ್ಟಬೇಡಿ, ಅದು ಆಮೇಲೆ ಬೇಕು. ಒಂದು ಮರದ ಮನೆಗೆ 16 ದಿಮ್ಮಿ, 8 ಕಲ್ಲು. ಕಾಡುತ್ಪನ್ನ ಹೆಕ್ಕುವ ಗ್ಯಾದರರ್ಸ್ ಹಟ್‌ಗೆ 30 ದಿಮ್ಮಿ, 12 ಕಲ್ಲು. ಐದು ಮನೆ ಮತ್ತು ಒಂದು ಹಟ್ ಎಂದರೆ ಒಟ್ಟು 110 ದಿಮ್ಮಿ, 52 ಕಲ್ಲು. ಕಟ್ಟಿಗೆ ಸೀಳುವ ವುಡ್ ಕಟರ್, ನೀರಿನ ದಂಡೆಯಲ್ಲಿ ಮೀನು ಹಿಡಿಯುವ ಕಟ್ಟೆ ಇದಕ್ಕೆ ಸೇರಿದರೆ ಮೊದಲ ಚಳಿಗಾಲಕ್ಕೆ ಅಷ್ಟೇ ಸಾಕು. ಇವುಗಳಲ್ಲಿ ಮೊದಲು ಮುಗಿಯಬೇಕಾದ್ದು ಗ್ಯಾದರರ್ಸ್ ಹಟ್. ಮನೆಗಳನ್ನು ಶರತ್ಕಾಲದೊಳಗೆ ಮುಗಿಸಿದರೆ ಸಾಕು.

ಐದೂ ಮನೆಗೆ ಒಟ್ಟಿಗೆ ಅಡಿಪಾಯ ಹಾಕುವುದು ಇಲ್ಲಿ ಎಲ್ಲರೂ ಮಾಡುವ ತಪ್ಪು. ಕಟ್ಟುವವರು ಇಬ್ಬರು ಮೂವರೇ ಇರುತ್ತಾರೆ, ಸಾಮಾನು ಐದೂ ಕಡೆ ಚೂರುಚೂರು ಹಂಚಿಹೋಗುತ್ತದೆ, ಹಿಮ ಬೀಳುವ ಹೊತ್ತಿಗೆ ಒಂದೂ ಮುಗಿದಿರುವುದಿಲ್ಲ. ಎರಡಕ್ಕೆ ಮಾತ್ರ ಕೆಲಸ ಬಿಟ್ಟು ಉಳಿದವನ್ನು ನಿಲ್ಲಿಸಿಡುವ ಬಟನ್ ಪ್ರತಿ ಅಡಿಪಾಯದ ಕಿಟಕಿಯಲ್ಲಿದೆ. ವೇಗ 1, 2, 5, 10 ಎಂದು ನಾಲ್ಕು ಇವೆ. ಮೊದಲ ವರ್ಷ 2ರ ಮೇಲೆ ಹೋಗಬೇಡಿ. ಹತ್ತರಲ್ಲಿ ಬಿಟ್ಟು ಚಾ ಕುಡಿಯಲು ಎದ್ದು ಹೋದವರು ಮರಳಿ ಬರುವಾಗ ಋತುವೇ ಬದಲಾಗಿರುತ್ತದೆ.

ಈಗ ಮುಟ್ಟಬೇಡಿ ಎಂದ ಆ ಕಾಡು. ಗ್ಯಾದರರ್ಸ್ ಹಟ್‌ಗೆ ಒಂದು ವೃತ್ತದಷ್ಟು ವ್ಯಾಪ್ತಿ ಇದೆ. ಆ ವೃತ್ತದೊಳಗೆ ಬಲಿತ ಮರ ಎಷ್ಟು ಇವೆಯೋ ಅಷ್ಟು ಹಣ್ಣು, ಅಣಬೆ, ಗೆಡ್ಡೆ, ಈರುಳ್ಳಿ ಸಿಗುತ್ತದೆ. ನಾಲ್ಕು ಜನ ಹಾಕಿದರೆ ದಟ್ಟ ಕಾಡಿನಲ್ಲಿ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಆಹಾರ. ಅದೇ ವೃತ್ತದ ಮೇಲೆ ಬೇಟೆಯವರ ಕ್ಯಾಬಿನ್, ಮದ್ದಿನ ಸೊಪ್ಪು ತರುವ ಹರ್ಬಲಿಸ್ಟ್, ಮರ ನೆಟ್ಟು ಕಡಿಯುವ ಫಾರೆಸ್ಟರ್ ಲಾಡ್ಜ್ ಮೂರನ್ನೂ ಒಂದರ ಪಕ್ಕ ಒಂದು ಇಡಬಹುದು. ಒಂದರಿಂದ ಒಂದಕ್ಕೆ ತೊಂದರೆ ಇಲ್ಲ, ಫಾರೆಸ್ಟರ್ ಒಬ್ಬನನ್ನು ಬಿಟ್ಟು. ಅವನಿಗೆ ನಾಲ್ಕೂ ಜನ ಕೊಟ್ಟು ಕಡಿಯಲು ಬಿಟ್ಟರೆ ಬಲಿತ ಮರಗಳೆಲ್ಲ ಹೋಗಿ ಹೆಕ್ಕುವವರು ಬರಿಗೈಯಲ್ಲಿ ಬರುತ್ತಾರೆ. ಹಳಬರು ಅಲ್ಲಿ ಇಬ್ಬರನ್ನೇ ಇಡುತ್ತಾರೆ, ಆಹಾರ ಇಳಿದಾಗ ಕಡಿಯುವುದನ್ನು ಆಫ್ ಮಾಡಿ ನೆಡುವುದನ್ನು ಮಾತ್ರ ಬಿಡುತ್ತಾರೆ. ಮನೆ ಕಟ್ಟುವ ಮರಕ್ಕೆ ಬೇರೆ ಕಡೆ ಇನ್ನೊಂದು ಲಾಡ್ಜ್. ಪಕ್ಕದಲ್ಲೇ ಒಂದು ಉಗ್ರಾಣ, ಎರಡು ಮೂರು ಮನೆ ಇದ್ದರೆ ಅದೊಂದು ಪೂರ್ತಿ ಘಟಕ. ಅಂಥ ಎರಡು ಘಟಕದಿಂದ ಗದ್ದೆಯೇ ಇಲ್ಲದೆ ನಲವತ್ತು ಜನರ ಊರು ನಡೆಯುತ್ತದೆ.

ಲೆಕ್ಕ ಹಿಡಿಯುವುದು ಸುಲಭ. ಒಬ್ಬ ವರ್ಷಕ್ಕೆ ಸುಮಾರು 100 ಆಹಾರ ತಿನ್ನುತ್ತಾನೆ, ಮಗುವಾದರೂ ಮುದುಕನಾದರೂ ಅಷ್ಟೇ ಎಂದು ಇಟ್ಟುಕೊಳ್ಳಿ. ಊರಲ್ಲಿ 30 ಜನ ಇದ್ದರೆ ವರ್ಷಕ್ಕೆ 3,000 ಬೇಕು, ಉಗ್ರಾಣದಲ್ಲಿ 4,500 ಇಲ್ಲದೆ ಹೊಸ ಮನೆಗೆ ಕೈ ಹಾಕಬಾರದು. ಕಟ್ಟಿಗೆಯದ್ದು ಹೀಗೆ: ಒಂದು ದಿಮ್ಮಿ ಸೀಳಿದರೆ ಓದು ಬಾರದ ಕೆಲಸಗಾರ 3 ಕಟ್ಟಿಗೆ ಕೊಡುತ್ತಾನೆ, ಶಾಲೆಗೆ ಹೋದವನು 4. ಕಲ್ಲಿನ ಮನೆ ಕಟ್ಟಿಗೆಯನ್ನು ಕಡಿಮೆ ಸುಡುತ್ತದೆ, ಆದರೆ ಅದಕ್ಕೆ 24 ದಿಮ್ಮಿ, 40 ಕಲ್ಲು, 10 ಕಬ್ಬಿಣ. ಮೊದಲ ಹತ್ತು ವರ್ಷ ಆ ಯೋಚನೆ ಬೇಡ. ಚಳಿಗಾಲಕ್ಕೆ ಕಟ್ಟಿಗೆ ಕೂಡಿಡುವುದು ನಮ್ಮ ಕಡೆಯ ಹಳೆಯ ಮನೆಯವರಿಗೆ ವಿವರಿಸಿ ಹೇಳಬೇಕಿಲ್ಲ. ಮಳೆಗಾಲಕ್ಕೆ ಮುಂಚೆ ಬರುವ ಪತ್ತನಾಜೆಯ ಮೊದಲು ಸೌದೆಯೆಲ್ಲ ಕೊಟ್ಟಿಗೆಯ ಅಟ್ಟಕ್ಕೆ ಏರಿರಬೇಕು ಎಂಬ ಲೆಕ್ಕವೇ ಇಲ್ಲಿಯೂ ನಡೆಯುತ್ತದೆ, ಮಳೆಯ ಬದಲು ಹಿಮ.

ಇಲ್ಲೇ ಒಂದು ಗುಟ್ಟು ಇದೆ, ಆಟದಲ್ಲಿ ಎದ್ದು ಕಾಣದ್ದು. ಪ್ರತಿ ವಸ್ತುವಿಗೂ ಒಂದು ಮಿತಿ ಇರುತ್ತದೆ. ಕಟ್ಟಿಗೆಯ ರಾಶಿ ಆ ಮಿತಿ ಮುಟ್ಟಿದ ಕೂಡಲೇ ವುಡ್ ಕಟರ್ ಕೆಲಸ ನಿಲ್ಲಿಸಿ ಕೂಲಿಯವನಾಗಿ ಅಲೆಯುತ್ತಾನೆ. ಜನ ಹತ್ತಿದ್ದಾಗ ಸಾಕಾಗುತ್ತಿದ್ದ ಮಿತಿ ಐವತ್ತಾದಾಗ ಸಾಕಾಗುವುದಿಲ್ಲ. "ಕೆಲಸಗಾರ ಇದ್ದಾನೆ, ದಿಮ್ಮಿಯೂ ಇದೆ, ಕಟ್ಟಿಗೆ ಮಾತ್ರ ಏರುತ್ತಿಲ್ಲ, ಆಟದಲ್ಲಿ ಬಗ್ ಇದೆ" ಎಂಬ ದೂರು ಬಂದಾಗಲೆಲ್ಲ ಹತ್ತರಲ್ಲಿ ಒಂಬತ್ತು ಸಲ ಕಾರಣ ಇದೇ. ಮಿತಿಗಳ ಕಿಟಕಿ ತೆರೆದು ಜನಸಂಖ್ಯೆ ಏರಿದಂತೆ ಅಂಕಿ ಏರಿಸಿ. ಆಹಾರದ್ದಕ್ಕೆ ಮಿತಿಯನ್ನು ಆರಂಭದಲ್ಲೇ ಬಹಳ ಮೇಲೆ ಇಟ್ಟುಬಿಡಿ.

ಇಷ್ಟಾದರೆ ಊರು ಚಳಿಗೆ ಸಾಯುವುದಿಲ್ಲ. ಸಾಯುವುದು ವಯಸ್ಸಿಗೆ. ಆಟದ ನಿಜವಾದ ಗಂಟು ಇರುವುದು ಇಲ್ಲಿ, ಬಿಟ್ಟುಹೋದವರಿಗೆ ಕಾಣದೆ ಹೋದದ್ದೂ ಇದೇ.

ಆಟದ ಒಂದು ವರ್ಷದಲ್ಲಿ ಜನರಿಗೆ ಸುಮಾರು 5 ವರ್ಷ ವಯಸ್ಸಾಗುತ್ತದೆ. ಋತುಗಳು ಒಂದು ಗಡಿಯಾರದಲ್ಲಿ ನಡೆಯುತ್ತವೆ, ಮನುಷ್ಯರು ಇನ್ನೊಂದರಲ್ಲಿ. ಗಂಡು ಹೆಣ್ಣು ಜೋಡಿಯಾಗಿ ತಮ್ಮದೇ ಮನೆಗೆ ಹೋದರೆ ಮಾತ್ರ ಮಕ್ಕಳಾಗುತ್ತವೆ. ಒಂದು ಮನೆಯಲ್ಲಿ 5 ಜನರಿಗಷ್ಟೇ ಜಾಗ. ಹೊಸ ಮನೆ ಇಲ್ಲದಿದ್ದರೆ ಬೆಳೆದ ಮಕ್ಕಳು ಅಪ್ಪ ಅಮ್ಮನ ಮನೆಯಲ್ಲೇ ಉಳಿಯುತ್ತಾರೆ, ಆ ಮನೆಯಲ್ಲಿ ಬೇರೆ ಮಗುವಿಗೆ ಜಾಗ ಇರುವುದಿಲ್ಲ, ಅವರಿಗೂ ಮಕ್ಕಳಿಲ್ಲ. ಹೆಣ್ಣಿಗೆ ಮಕ್ಕಳಾಗುವ ಕಾಲ ಆಟದ ಐದಾರು ವರ್ಷದಲ್ಲಿ ಮುಗಿದುಹೋಗುತ್ತದೆ. "ಊಟ ಸಾಲದು, ಸ್ವಲ್ಪ ಕಾಲ ಮನೆ ಕಟ್ಟುವುದು ಬೇಡ" ಎಂದು ಆರೇಳು ವರ್ಷ ಸುಮ್ಮನೆ ಕುಳಿತ ಊರಿನಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಉಗ್ರಾಣ ತುಂಬಿರುತ್ತದೆ, ಎಲ್ಲರೂ ದುಡಿಯುತ್ತಿರುತ್ತಾರೆ. ಆಮೇಲೆ ಒಂದೇ ಎರಡು ವರ್ಷದೊಳಗೆ ಮುದುಕರು ಸಾಲಾಗಿ ಸಾಯುತ್ತಾರೆ, ಅವರ ಜಾಗಕ್ಕೆ ಬರುವ ಪ್ರಾಯದವರೇ ಇರುವುದಿಲ್ಲ. ಹೆಕ್ಕುವವರು ಇಲ್ಲ, ಕಟ್ಟಿಗೆ ಸೀಳುವವರು ಇಲ್ಲ. ಉಳಿದ ಕೆಲವರು ತುಂಬಿದ ಉಗ್ರಾಣ ಬರಿದಾಗುವವರೆಗೆ ತಿಂದು ಹಸಿವಿಗೆ ಬೀಳುತ್ತಾರೆ.

ಇದರ ವಿರುದ್ಧ ತಪ್ಪು ಇನ್ನೂ ಸಾಮಾನ್ಯ. ಉಗ್ರಾಣ ತುಂಬಿದ ಖುಷಿಯಲ್ಲಿ ಒಂದೇ ವರ್ಷ ಹತ್ತು ಮನೆ ಎಬ್ಬಿಸುತ್ತಾರೆ. ಹತ್ತು ಜೋಡಿ ಅತ್ತ ಹೋಗುತ್ತವೆ, ಒಂದೆರಡು ವರ್ಷದಲ್ಲಿ ಇಪ್ಪತ್ತೈದು ಮೂವತ್ತು ಮಕ್ಕಳು. ತಿನ್ನುವ ಬಾಯಿ ಏರಿತು, ದುಡಿಯುವ ಕೈ ಹಾಗೇ ಇದೆ. ಆ ಅಲೆಯನ್ನು ಹೇಗೋ ದಾಟಿದರೂ ಮುಗಿಯಲಿಲ್ಲ. ಒಟ್ಟಿಗೆ ಹುಟ್ಟಿದ ಅಷ್ಟೂ ಜನ ಒಟ್ಟಿಗೆ ಮುದುಕರಾಗಿ ಒಟ್ಟಿಗೆ ಸಾಯುತ್ತಾರೆ, ಹನ್ನೆರಡು ಹದಿಮೂರು ವರ್ಷದ ಮೇಲೆ ಇನ್ನೊಂದು ಹೊಂಡ. ಟೌನ್ ಹಾಲ್ ಕಟ್ಟಿದರೆ ಅದರಲ್ಲಿ ಜನಸಂಖ್ಯೆಯ ನಕ್ಷೆ ಸಿಗುತ್ತದೆ, ಗೆರೆ ಏರಿ ಇಳಿದು ಏರುವುದನ್ನು ಕಣ್ಣಾರೆ ನೋಡಬಹುದು. ಅಲೆ ಒಮ್ಮೆ ಎದ್ದರೆ ಅದನ್ನು ಸಪಾಟು ಮಾಡಲು ಮೂರು ತಲೆಮಾರು ಬೇಕು.

ಆದ್ದರಿಂದ ನಿಲ್ಲಿಸಲೂ ಬಾರದು, ಓಡಲೂ ಬಾರದು. ಮೂವತ್ತು ಜನ ಆಗುವವರೆಗೆ ವರ್ಷಕ್ಕೆ ಒಂದು ಮನೆ, ಆಮೇಲೆ ಎರಡು, ನೂರು ದಾಟಿದ ಮೇಲೆ ಮೂರು ನಾಲ್ಕು. ಆಹಾರ ಸಾಲದಿದ್ದರೆ ಮನೆಯನ್ನು ನಿಲ್ಲಿಸುವುದಕ್ಕಿಂತ ಆಹಾರವನ್ನು ಹೆಚ್ಚಿಸುವ ದಾರಿ ಹುಡುಕಬೇಕು. ಮನೆಯೊಂದರಲ್ಲಿ ಮುದುಕ ಒಬ್ಬನೇ ಉಳಿದಿರುವುದು ಕಂಡರೆ ಆತುರ ಬೇಡ, ಅವನು ಹೋದ ಮೇಲೆ ಅದೇ ಮನೆಗೆ ಹೊಸ ಜೋಡಿ ಬರುತ್ತದೆ. ಅದನ್ನೂ ಲೆಕ್ಕಕ್ಕೆ ಹಿಡಿದರೆ ಆ ವರ್ಷದ ಹೊಸ ಮನೆ ಬೇಕಾಗದೆಯೂ ಇರಬಹುದು. ಬ್ಯಾನಿಶ್ಡ್ ನಿಧಾನದ ಆಟ ಎನ್ನುವುದು ಇದಕ್ಕೆ. ಪರದೆಯ ಮೇಲೆ ಜನ ನಿಧಾನ ನಡೆಯುತ್ತಾರೆ ಎಂಬ ಕಾರಣಕ್ಕಲ್ಲ, ನಿಮ್ಮ ಕೈಯನ್ನು ನೀವೇ ತಡೆದು ಹಿಡಿಯಬೇಕು ಎಂಬ ಕಾರಣಕ್ಕೆ.

ಶಾಲೆಯ ಬಗ್ಗೆ ಆಟಗಾರರಲ್ಲಿ ಜಗಳವಿದೆ. ಶಾಲೆ ಇಲ್ಲದಿದ್ದರೆ ಮಕ್ಕಳು 10ಕ್ಕೇ ಕೆಲಸಕ್ಕೆ ಬರುತ್ತಾರೆ, ಇದ್ದರೆ 16ರ ಸುಮಾರಿಗೆ. ಅಂದರೆ ಆಟದ ಒಂದು ವರ್ಷಕ್ಕೂ ಮೇಲೆ ಹೊಸ ಕೈ ಸಿಗುವುದಿಲ್ಲ, ಶಾಲೆ ತೆರೆದ ಕೂಡಲೇ ಊರಿಗೆ ಒಂದು ಬಿಗಿ ಕಾಲ ಬಂದೇ ಬರುತ್ತದೆ. ಬೇಗ ಕಟ್ಟಬೇಕು ಎನ್ನುವವರದ್ದೇ ಸರಿ. ಮಕ್ಕಳು ನಾಲ್ಕೈದು ಇರುವಾಗ ತೆರೆದರೆ ಆ ಪೆಟ್ಟು ಚಿಕ್ಕದು, ಹದಿನೈದು ಇರುವಾಗ ತೆರೆದರೆ ಪೆಟ್ಟು ದೊಡ್ಡದು. ಓದಿದವರು ಪ್ರತಿ ಕೆಲಸದಲ್ಲೂ ಹೆಚ್ಚು ಕೊಡುತ್ತಾರೆ. ಒಬ್ಬ ಮೇಷ್ಟ್ರಿಗೆ 20 ಮಕ್ಕಳು. ಒಂದು ಎಚ್ಚರ: ಕೂಲಿಗಳ ಸಂಖ್ಯೆ ಸೊನ್ನೆಗೆ ಇಳಿಯಬಾರದು. ಮೇಷ್ಟ್ರು ಸತ್ತಾಗ ಅವರ ಜಾಗಕ್ಕೆ ಹೋಗಲು ಕೈ ಖಾಲಿ ಇರುವವರು ಬೇಕು. ಇಲ್ಲದಿದ್ದರೆ ಶಾಲೆ ಮುಚ್ಚಿ ಆ ತಂಡದ ಮಕ್ಕಳು ಅರ್ಧಕ್ಕೇ ಕೆಲಸಕ್ಕೆ ಇಳಿಯುತ್ತಾರೆ, ಮತ್ತೆ ಓದಿಗೆ ಮರಳುವುದಿಲ್ಲ. ಸದಾ ನಾಲ್ಕೈದು ಕೂಲಿಗಳು ಸುಮ್ಮನೆ ಇರಲಿ. ಸುಮ್ಮನೆ ಇದ್ದಾರೆ ಎಂದು ನಿಮಗೆ ಕಾಣುವುದಷ್ಟೇ, ಊರಿನ ಸಾಮಾನು ಹೊರುವವರು ಅವರೇ.

ಹತ್ಯಾರಿನ ಕೊರತೆ ಇನ್ನೊಂದು ಸದ್ದಿಲ್ಲದ ಕೊಲೆಗಾರ. ತಂದಿದ್ದ ಹತ್ಯಾರುಗಳು ಸವೆದು ಮುಗಿಯಲು ಕೆಲವು ವರ್ಷ ಬೇಕು, ಅಷ್ಟರಲ್ಲಿ ಅವು ಇವೆ ಎಂಬುದೇ ಮರೆತಿರುತ್ತದೆ. ಮುಗಿದ ದಿನದಿಂದ ಎಲ್ಲ ಕೆಲಸವೂ ನಿಧಾನ, ಆಹಾರ ಕಡಿಮೆ, ಕಬ್ಬಿಣ ಎತ್ತುವವನೂ ಬರಿಗೈಯವನು. ಕಮ್ಮಾರಸಾಲೆಯನ್ನು ಮೂರನೇ ವರ್ಷದೊಳಗೆ ಕಟ್ಟಿ. ಒಂದು ದಿಮ್ಮಿ, ಒಂದು ಕಬ್ಬಿಣಕ್ಕೆ ಒಂದು ಹತ್ಯಾರು. ಅದಕ್ಕೆ ಕಲ್ಲಿದ್ದಲೂ ಸೇರಿದರೆ ಉಕ್ಕಿನದ್ದು, ಹೆಚ್ಚು ಬಾಳುತ್ತದೆ. ದರ್ಜಿ ಅದರ ಹಿಂದೆಯೇ ಬರಲಿ. ಬೇಟೆಯವರು ತಂದ ತೊಗಲು 2 ಇದ್ದರೆ ಒಂದು ಕೋಟು. ತೊಗಲು 1, ಉಣ್ಣೆ 1 ಸೇರಿದರೆ ಬೆಚ್ಚನೆಯ ಕೋಟು. ಕೋಟಿಲ್ಲದವರು ಚಳಿಯಲ್ಲಿ ಮತ್ತೆ ಮತ್ತೆ ಬೆಂಕಿ ಕಾಯಿಸಲು ಮನೆಗೆ ಓಡುತ್ತಾರೆ, ಕೆಲಸ ಅರ್ಧ ದಾರಿಯಲ್ಲಿ ಕಳೆದುಹೋಗುತ್ತದೆ.

ಗದ್ದೆ ತೋಟದ ವಿಷಯಕ್ಕೆ ಬಂದರೆ ನಮ್ಮವರ ತಕರಾರು ಶುರು. ಗದ್ದೆ ಹೆಚ್ಚೆಂದರೆ 15 ಚೌಕ ಉದ್ದ, 15 ಚೌಕ ಅಗಲ. ಬೀನ್ಸು, ಎಲೆಕೋಸು, ಜೋಳ, ಮೆಣಸು, ಆಲೂಗಡ್ಡೆ, ಕುಂಬಳ, ಗೋಧಿ ಎಲ್ಲ ಇವೆ. ಭತ್ತ ಇಲ್ಲ. ಅಷ್ಟೂ ಬೆಳೆಗೆ ನೀರೇ ಬೇಡ! ಬಾವಿ ತೋಡಬಹುದು, ಆದರೆ ಅದು ಬೆಂಕಿ ಬಿದ್ದರೆ ನಂದಿಸಲು ಮಾತ್ರ. ಸುರಂಗ ಕೊರೆದು ಗುಡ್ಡದ ಹೊಟ್ಟೆಯಿಂದ ನೀರು ತಂದ, ತೋಡಿಗೆ ವರ್ಷ ವರ್ಷವೂ ಕಟ್ಟ ಹಾಕುವ ಜಾಗದಲ್ಲಿ ಕುಳಿತು ಆಡುವವರಿಗೆ ಇದು ಬೇಸಾಯವೆಂದೇ ಅನಿಸುವುದಿಲ್ಲ. ಆಟ ನೋಡುವುದು ಚಳಿಯೊಂದನ್ನೇ. ವಸಂತದಲ್ಲಿ ಬಿತ್ತಿದ್ದನ್ನು ಹಿಮಕ್ಕೆ ಮೊದಲು ಒಳಗೆ ತರದಿದ್ದರೆ ಗದ್ದೆಯಲ್ಲೇ ಸಾಯುತ್ತದೆ. ದೊಡ್ಡ ಗದ್ದೆಗೆ ಮೂರು ನಾಲ್ಕು ಜನ ಹಾಕಿ, ಉಗ್ರಾಣವನ್ನು ಗದ್ದೆಯ ಬದಿಯಲ್ಲೇ ಕಟ್ಟಿ. ಉಗ್ರಾಣ ದೂರ ಇದ್ದರೆ ಕೊಯ್ಯುವವರೇ ಹೊತ್ತು ನಡೆದು ನಡೆದು ಅರ್ಧ ಬೆಳೆ ಹಿಮಕ್ಕೆ ಹೋಗುತ್ತದೆ. ತಾಪಮಾನ ಬೇಗ ಇಳಿಯುವುದು ಕಂಡರೆ ಗದ್ದೆಯ ಕಿಟಕಿಯಲ್ಲಿ ಈಗಲೇ ಕೊಯ್ಯುವ ಬಟನ್ ಒತ್ತಿ, ಪೂರ್ತಿ ಬಲಿಯದಿದ್ದರೂ ಸಿಕ್ಕಿದ್ದು ಲಾಭ. ಒಂದೇ ಬೆಳೆಯನ್ನು ಅಕ್ಕಪಕ್ಕದ ಗದ್ದೆಗಳಲ್ಲಿ ಹಾಕಬೇಡಿ, ವಿಪತ್ತು ಆನ್ ಇದ್ದರೆ ಹುಳ ಒಂದರಿಂದ ಒಂದಕ್ಕೆ ಹಬ್ಬುತ್ತದೆ.

ಹಣ್ಣಿನ ತೋಟ ಮಾತ್ರ ಸರಿಯಾಗಿ ಮಾಡಿದ್ದಾರೆ. ಗಿಡ ಫಸಲಿಗೆ ಬರಲು ಕೆಲವು ವರ್ಷ ಕಾಯಬೇಕು, ಮರ ಮುದಿಯಾದರೆ ಸತ್ತು ಮತ್ತೆ ಸಸಿಯಿಂದ ಶುರು. ಅಡಿಕೆ ತೋಟದವರಿಗೆ ಈ ಕಾಯುವಿಕೆ ಹೊಸದಲ್ಲ. ತೋಟವನ್ನು ಊಟಕ್ಕೆ ನಂಬಬೇಡಿ, ಬೇರೆ ಬೇರೆ ಬಗೆಯ ಆಹಾರ ಸಿಕ್ಕರೆ ಜನರ ಆರೋಗ್ಯದ ಹೃದಯದ ಗುರುತು ಏರುತ್ತದೆ ಎಂಬುದಕ್ಕೆ ಇರಲಿ. ಹಣ್ಣು, ತರಕಾರಿ, ಕಾಳು, ಮಾಂಸ ನಾಲ್ಕೂ ವರ್ಗ ಊರಲ್ಲಿ ಓಡಾಡಬೇಕು.

ಬೀಜ ಬರುವುದು ದೋಣಿಯಲ್ಲಿ. ಟ್ರೇಡಿಂಗ್ ಪೋಸ್ಟನ್ನು ನಕ್ಷೆಯ ಹೊರಗೆ ಹರಿದು ಹೋಗುವ ದೊಡ್ಡ ಹೊಳೆಯ ದಂಡೆಯಲ್ಲೇ ಕಟ್ಟಬೇಕು. ಕೆರೆಯ ಬದಿಯಲ್ಲಿ ಕಟ್ಟಿದರೆ ದೋಣಿ ಬರುವ ದಾರಿಯೇ ಇಲ್ಲ. ವ್ಯಾಪಾರ ಸಾಮಾನಿಗೆ ಸಾಮಾನು. ದಿಮ್ಮಿಗೆ ಬೆಲೆ 2, ಕಟ್ಟಿಗೆಗೆ 4. ದಿಮ್ಮಿಯನ್ನು ಹಾಗೆಯೇ ಮಾರುವುದು ದಡ್ಡತನ: ಓದಿದ ಕೆಲಸಗಾರ ಅದನ್ನು ಸೀಳಿದರೆ ಎರಡರ ಮಾಲು ಹದಿನಾರಕ್ಕೆ ಹೋಗುತ್ತದೆ. ಒಂದು ಬಗೆಯ ಬೀಜಕ್ಕೆ ಸಾಮಾನ್ಯವಾಗಿ 2,500. ಅಂದರೆ 625 ಕಟ್ಟಿಗೆ, ಹೆಚ್ಚುಕಡಿಮೆ 157 ದಿಮ್ಮಿ. ಬೀಜ ಒಮ್ಮೆ ಸಿಕ್ಕರೆ ಸಾಕು, ಎಷ್ಟು ಗದ್ದೆಗಾದರೂ ಹಾಕಬಹುದು. ದೋಣಿ ಬಂದ ಮೇಲೆ ಸಾಮಾನು ಹೊರಿಸಲು ಹೊರಟರೆ ಅದು ಹೊರಟುಹೋಗುತ್ತದೆ, ಪೋಸ್ಟಿನಲ್ಲಿ ಕಟ್ಟಿಗೆಯ ಪ್ರಮಾಣವನ್ನು ಮೊದಲೇ ಬರೆದು ತುಂಬಿಸಿಡಬೇಕು. ಬೇಕಾದ್ದನ್ನು ಆರ್ಡರ್ ಹಾಕಬಹುದು, ಆದರೆ ಆರ್ಡರ್ ಹಾಕಿದ್ದಕ್ಕೆ ಬೆಲೆ ಜಾಸ್ತಿ. ಕಟ್ಟಿಗೆ ಮಾರುವ ಭರದಲ್ಲಿ ಊರಿನ ಒಲೆಗೇ ಕಟ್ಟಿಗೆ ಇಲ್ಲದಂತೆ ಮಾಡಿಕೊಂಡವರು ಬೇಕಾದಷ್ಟು ಜನ ಇದ್ದಾರೆ.

ಕಲ್ಲುಕೋರೆ, ಗಣಿ ಎರಡೂ ಒಮ್ಮೆ ತೋಡಿದರೆ ಹೊಂಡ ಹಾಗೇ ಉಳಿಯುತ್ತದೆ, ಮುಚ್ಚಿ ಮೇಲೆ ಕಟ್ಟಲಾಗದು. ಒಳಗಿನದ್ದು ಒಂದು ದಿನ ಮುಗಿಯುತ್ತದೆ ಕೂಡ. ಊರಿನ ನಡುವೆ ಬೇಡ. ಅಲೆಮಾರಿಗಳು ಬಂದು ಸೇರಿಸಿಕೊಳ್ಳಿ ಎಂದು ಕೇಳಿದರೆ ಮೊದಲ ಸಲ ಬೇಡ ಎನ್ನಿ: ಎಲ್ಲರೂ ಓದು ಬಾರದವರು, ಜೊತೆಗೆ ರೋಗ ತರಬಹುದು, ಅಷ್ಟು ಜನರಿಗೆ ಮನೆಯೂ ಇರುವುದಿಲ್ಲ. ಜನಸಂಖ್ಯೆಯ ಹೊಂಡಕ್ಕೆ ಬಿದ್ದ ಊರಿಗೆ ಮಾತ್ರ ಅವರು ಆಸರೆ.

ಆಟಗಾರರ ದೂರುಗಳಲ್ಲಿ ನ್ಯಾಯವಾದದ್ದು ಒಂದಿದೆ. ಇನ್ನೂರು ಜನ ದಾಟಿದ ಮೇಲೆ ಹೊಸದು ಏನೂ ಇಲ್ಲ. ಅದೇ ಕಾಡಿನ ಘಟಕವನ್ನು ಇನ್ನೊಂದು ಕಡೆ ಹಾಕುವುದು, ಅದೇ ಮಾರುಕಟ್ಟೆ, ಅದೇ ಮನೆಸಾಲು. ಜನರಿಗೆ ಹೆಸರಿದೆ, ಮುಖವಿಲ್ಲ. ಹೆರಿಗೆಯಲ್ಲಿ ಒಬ್ಬಳು ಸತ್ತಳು, ಕೋರೆಯಲ್ಲಿ ಕಲ್ಲು ಬಿದ್ದು ಒಬ್ಬ ಸತ್ತ ಎಂಬ ಸುದ್ದಿ ಒಂದು ಸಾಲಾಗಿ ಬಂದು ಹೋಗುತ್ತದೆ. ಚರ್ಚು ಇದೆ, ಮಸಣ ಇದೆ, ಹೆಂಡದ ಅಂಗಡಿ ಇದೆ. ಭೂತದ ಕೋಲವಿಲ್ಲ, ಜಾತ್ರೆಯಿಲ್ಲ, ಒಂದು ಮದುವೆಯ ಊಟವೂ ಇಲ್ಲ. ಊರು ಎನ್ನುವುದಕ್ಕಿಂತ ಉಗ್ರಾಣದ ಲೆಕ್ಕಪುಸ್ತಕ ಎನ್ನಬಹುದು. ಆದರೆ ಮೊದಲ ನೂರು ಜನರವರೆಗಿನ ಬಿಗಿ ಬೇರೆ ಯಾವ ಊರು ಕಟ್ಟುವ ಆಟದಲ್ಲೂ ಇಷ್ಟು ಚೊಕ್ಕವಾಗಿ ಇಲ್ಲ. "ಏನೂ ಆಗುವುದಿಲ್ಲ, ಬೋರು" ಎಂಬ ಇನ್ನೊಂದು ದೂರನ್ನು ಒಪ್ಪಲಾಗದು. ಅದು ಸಾಮಾನ್ಯವಾಗಿ 10ರ ವೇಗದಲ್ಲಿ ಆಡುವವರ ಮಾತು.

ಕಂಪ್ಯೂಟರ್ ಆಫ್ ಮಾಡಿದ ಮೇಲೂ ಊರು ತನ್ನಷ್ಟಕ್ಕೆ ನಡೆಯುತ್ತಿರಬೇಕು ಎಂದು ಬಯಸುವವರಿಗೆ ಇದು ಆಗದು. ಅವರಿಗೆ 2006ರ ವರ್ಚುವಲ್ ವಿಲೇಜರ್ಸ್ ಇದೆ, ಲಾಸ್ಟ್ ಡೇ ಆಫ್ ವರ್ಕ್ ಎಂಬವರದ್ದು. ಗಡಿಯಾರದ ಪ್ರಕಾರ ನಡೆಯುವ ಆಟ, ಬೆಳಿಗ್ಗೆ ಹತ್ತು ನಿಮಿಷ, ರಾತ್ರಿ ಹತ್ತು ನಿಮಿಷ ನೋಡಿದರೆ ಸಾಕು. ಅಲ್ಲಿ ಎರಡು ದಿನ ತೆರೆಯಲು ಆಗದಿದ್ದರೆ ಅನ್ನವಿಲ್ಲದ ಊರು ಕಾಯುತ್ತಿರುತ್ತದೆ. ಬ್ಯಾನಿಶ್ಡ್‌ನಲ್ಲಿ ಆ ಭಯ ಇಲ್ಲ, ಮುಚ್ಚಿದರೆ ಕಾಲ ನಿಲ್ಲುತ್ತದೆ. ಮಳೆಗಾಲದಲ್ಲಿ ಮೂರು ದಿನ ಕರೆಂಟ್ ಹೋಗುವ ಮನೆಗಳಿಗೆ ಇದೇ ಅನುಕೂಲ.

ಇನ್ನೂರು ಜನರಾದ ಮೇಲೂ ಮುಂದುವರಿಸಬೇಕೆಂದರೆ ಮಾಡ್‌ಗಳಿವೆ, ಅಂದರೆ ಆಟಗಾರರೇ ಮಾಡಿದ ಸೇರ್ಪಡೆಗಳು. ಎಲ್ಲಕ್ಕಿಂತ ದೊಡ್ಡ ಹೆಸರು ಕಲೋನಿಯಲ್ ಚಾರ್ಟರ್‌ನದ್ದು: ಹೊಸ ಬೆಳೆ, ಹೊಸ ಕಸುಬು, ಉದ್ದುದ್ದ ತಯಾರಿಕೆಯ ಸರಪಳಿ. ಮೊದಲ ಊರಿಗೆ ಬೇಡ, ಪಟ್ಟಿ ನೋಡಿಯೇ ತಲೆ ತಿರುಗುತ್ತದೆ. ಮಾಡ್ ಹಾಕುವುದಿದ್ದರೆ ಹೊಸ ಊರಿನಿಂದಲೇ ಶುರು ಮಾಡಿ. ನಡೆಯುತ್ತಿರುವ ಊರಿಂದ ಮಾಡ್ ತೆಗೆದರೆ ಆ ಸೇವ್ ತೆರೆಯದೆ ಹೋಗಬಹುದು. ಎರಡು ಮಾಡ್ ಒಂದೇ ಕಟ್ಟಡವನ್ನು ಬದಲಿಸುವುದಾದರೆ ಪಟ್ಟಿಯಲ್ಲಿ ಯಾವುದು ಮೇಲಿದೆ ಎಂಬುದರ ಮೇಲೆ ಫಲ ನಿಂತಿರುತ್ತದೆ. ಆದ್ದರಿಂದ ಒಂದೊಂದಾಗಿ ಸೇರಿಸಿ, ಪ್ರತಿ ಸಲ ಆಟ ತೆರೆದು ನೋಡಿ, ಸೇವ್ ಫೋಲ್ಡರಿನ ಒಂದು ಪ್ರತಿಯನ್ನು ಬೇರೆ ಕಡೆ ಇಟ್ಟುಕೊಂಡ ಮೇಲೆಯೇ ಮುಂದಿನದ್ದಕ್ಕೆ ಹೋಗಿ.